ಮರದ ಕಿಟಕಿಗೆ ತಗಡು ಹೊದಿಸಬಹುದೇ?

ಪ್ರಶ್ನೆ: ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1920ರ ದಶಕದ ಮನೆ ಕೊಂಡಿದ್ದೇವೆ. ಕಿಟಕಿಗಳೆಲ್ಲ ಮರದವು, ಒಂದೇ ಗಾಜು, ಮೇಲೆ ಕೆಳಗೆ ಸರಿಯುವಂಥವು. ಚಳಿಗಾಲದಲ್ಲಿ ಗಾಳಿ ನುಗ್ಗುತ್ತದೆ, ಗಾಜಿನ ಒಳಬದಿ ಮಂಜು ಕಟ್ಟುತ್ತದೆ. ಹೊರಗಿನ ಮರಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಸಾಕು ಎನ್ನುತ್ತಾರೆ ಕಾಂಟ್ರಾಕ್ಟರ್. ಸರಿಯೇ?

ಉತ್ತರ: ತಗಡು ಖಂಡಿತ ಬೇಡ. ಅದರ ಸಂದಿಯಲ್ಲಿ ಇಳಿದ ನೀರಿಗೆ ಒಣಗಲು ದಾರಿ ಇರುವುದಿಲ್ಲ. ಮರ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಕಿಟಕಿಯ ಮರ ಹಳೆ ಕಾಡಿನಲ್ಲಿ ನಿಧಾನವಾಗಿ ಬೆಳೆದದ್ದಾಗಿರುವ ಸಾಧ್ಯತೆ ಹೆಚ್ಚು. ಅಂಥ ಗಟ್ಟಿ ಮರ ಇವತ್ತು ಸುಲಭಕ್ಕೆ ಸಿಗುವುದಿಲ್ಲ. ಅದನ್ನು ಉಳಿಸಿಕೊಳ್ಳಿ.

ಗಾಳಿ ಬರುವುದು ಗಾಜಿನಿಂದಲ್ಲ, ಸಂದಿಗಳಿಂದ. ಮೊದಲು ಮೇಲಿನ ಮತ್ತು ಕೆಳಗಿನ ಗಾಜಿನ ಚೌಕಟ್ಟುಗಳು ಸೇರುವ ಜಾಗದ ಚಿಲಕ ನೋಡಿ. ಅದು ಎರಡನ್ನೂ ಬಿಗಿಯಾಗಿ ಎಳೆದು ಹಿಡಿಯಬೇಕು. ಸುತ್ತಲಿನ ಸಂದಿಗೆ ಗಾಳಿ ತಡೆಯುವ ಪಟ್ಟಿ ಹಾಕಿಸಿ. ಆಮೇಲೆ ಗಾಜಿನ ಪುಟ್ಟಿ, ಅಂದರೆ ಗಾಜನ್ನು ಮರದ ಚೌಕಟ್ಟಿಗೆ ಕೂರಿಸುವ ಮೆತ್ತನೆ ಪೇಸ್ಟ್, ನೋಡಿ. ಬಿರುಕು ಬಿಟ್ಟಿದ್ದರೆ ಕೆರೆದು ತೆಗೆದು, ಬರಿ ಮರಕ್ಕೆ ಪ್ರೈಮರ್ ಹಚ್ಚಿ, ಹೊಸದು ತುಂಬಿಸಿ. ಪ್ರೈಮರ್ ಬಿಟ್ಟರೆ ಪುಟ್ಟಿಯ ಎಣ್ಣೆಯನ್ನೆಲ್ಲ ಮರ ಹೀರಿಕೊಳ್ಳುತ್ತದೆ. ಬಣ್ಣ ಗಾಜಿನ ಮೇಲೂ ಒಂದೆರಡು ಮಿಲಿಮೀಟರ್ ಹತ್ತಲಿ, ಆಗ ನೀರು ಇಳಿಯುವುದಿಲ್ಲ. ಒಂದು ಎಚ್ಚರಿಕೆ: ಅಮೆರಿಕದಲ್ಲಿ ಮನೆಗಳಿಗೆ ವಿಷಕಾರಿ ಸೀಸವಿರುವ ಬಣ್ಣ ನಿಷೇಧವಾದದ್ದು 1978ರಲ್ಲಿ. ನಿಮ್ಮದು ಅದಕ್ಕಿಂತ ಹಳೆ ಮನೆ. ಪರೀಕ್ಷೆ ಮಾಡಿಸದೆ ಸುಮ್ನೆ ಉಜ್ಜಬೇಡಿ, ಮಕ್ಕಳಿದ್ದರಂತೂ ಬೇಡವೇ ಬೇಡ.

ಇದಾದ ಮೇಲೆ ಹೊರಗಡೆ ಸ್ಟಾರ್ಮ್ ವಿಂಡೋ, ಅಂದರೆ ಇನ್ನೊಂದು ಗಾಜಿನ ಕಿಟಕಿ, ಹಾಕಿಸಿ. ಮುಚ್ಚುವುದಾದರೆ ಹೀಗೆ ಮುಚ್ಚಬೇಕು. ಗಾಜಿನಿಂದ ಹೊರಹೋಗುವ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಳಗಿನ ಕಿಟಕಿ ಬಿಗಿಯಾಗಿರಲಿ, ಹೊರಗಿನದು ಸ್ವಲ್ಪ ಉಸಿರಾಡಲಿ. ಅದರ ಕೆಳಗಡೆ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಎಷ್ಟೋ ಜನ ಅವನ್ನೂ ಸೀಲೆಂಟ್ ಹಾಕಿ ಮುಚ್ಚಿಬಿಡುತ್ತಾರೆ. ದಯವಿಟ್ಟು ಮುಚ್ಚಬೇಡಿ. ಮುಂದೆ ಸ್ಟಾರ್ಮ್ ವಿಂಡೋದ ಒಳಬದಿಯಲ್ಲಿ ಮಂಜು ಕಂಡರೆ, ಒಳಗಿನ ಕಿಟಕಿ ಇನ್ನೂ ಸೋರುತ್ತಿದೆ ಅಂತ ತಿಳಿಯಿರಿ.

ಈಗ ಮಂಜು ಕಟ್ಟುತ್ತಿರುವುದು ಕೋಣೆಯ ಕಡೆಗೇ ಅಲ್ವಾ? ತಣ್ಣನೆ ಗಾಜಿನ ಜೊತೆ ಮನೆಯೊಳಗಿನ ತೇವವೂ ಅದಕ್ಕೆ ಕಾರಣ. ಅನ್ನ, ಸಾರು ಕುದಿಯುವಾಗ ಹೊರಗೆ ಗಾಳಿ ಬಿಡುವ ಫ್ಯಾನ್ ಹಾಕಿ. ಬಟ್ಟೆಯನ್ನು ಒಳಗೆ ಒಣಗಿಸಬೇಡಿ.

ಚಳಿ ಆಗಲೇ ಶುರುವಾಗಿದ್ದರೆ ಪುಟ್ಟಿ, ಬಣ್ಣದ ಕೆಲಸ ಬೇಸಿಗೆಗೆ ಇರಲಿ. ಈ ಸಲಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಬಹುದು. ಆದರೆ ಮಲಗುವ ಕೋಣೆಯ ಕಿಟಕಿಗೆ ಸ್ಕ್ರೂ ಹೊಡೆದು ಮುಚ್ಚಬೇಡಿ. ಬೆಂಕಿ ಬಿದ್ದರೆ ಹೊರಗೆ ಬರಲು ಅದು ತೆರೆಯಬೇಕು.