ವೇರ್‌ವುಲ್ಫ್, ಬೆಳ್ಳಿಯ ಕತ್ತಿ ಮತ್ತು ಡ್ಯಾಮೇಜ್ ರಿಡಕ್ಷನ್: ಯಾವ ಲೋಹಕ್ಕೆ ಹಣ ಹಾಕಬೇಕು?

ನಮಸ್ಕಾರ. ದಾಳ ಉರುಳಿಸಿ ಆಡುವ ಪಾತ್ರಾಭಿನಯದ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5 ಆವೃತ್ತಿಯನ್ನು ಡಿಎಂ (ಆಟ ನಡೆಸುವವರು) ಆಗಿ ಹೊಸದಾಗಿ ನಡೆಸುತ್ತಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಫೈಟರ್‌ನ (ಯೋಧನ ಪಾತ್ರದ) ಲಾಂಗ್‌ಸೋರ್ಡ್‌ಗೆ (ಉದ್ದ ಕತ್ತಿಗೆ) ವೇರ್‌ವುಲ್ಫ್ (ತೋಳವಾಗಿ ಬದಲಾಗುವ ಮನುಷ್ಯ) ಜಗ್ಗುತ್ತಲೇ ಇಲ್ಲವೆಂದು ಆಟಗಾರರು ಬೇಸರಪಟ್ಟಿರುವುದರಿಂದ ಡ್ಯಾಮೇಜ್ ರಿಡಕ್ಷನ್ (ಡಿಆರ್, ಅಂದರೆ ತಕ್ಕ ಆಯುಧದ್ದಲ್ಲದ ಪ್ರತಿ ಪೆಟ್ಟಿನಿಂದ ನಿಗದಿತ ಅಂಕ ಕಳೆಯುವ) ನಿಯಮವನ್ನೇ ಕೈಬಿಡಬಹುದೇ ಎಂಬುದು ಮೊದಲನೆಯದು. ಉಳಿಸಿಕೊಂಡರೆ ಐದನೇ ಲೆವೆಲ್ಲಿನೊಳಗಿರುವ ತಂಡ ಯಾವ ಲೋಹದ ಆಯುಧಗಳನ್ನು ಕೊಳ್ಳಬೇಕು ಎಂಬುದು ಎರಡನೆಯದು. ನಿಯಮವನ್ನು ಕೈಬಿಡಬೇಡಿ ಎನ್ನುವುದು ನನ್ನ ಸಲಹೆ. ನೀವು ಬರೆದಿರುವುದನ್ನು ನೋಡಿದರೆ, ಆಟಗಾರರಿಗೆ ಸಿಗಬೇಕಾಗಿದ್ದ ಮಾಹಿತಿ ಸಮಯಕ್ಕೆ ಸಿಕ್ಕಿಲ್ಲವೆಂದು ತೋರುತ್ತದೆ. ಅದನ್ನು ಸರಿಪಡಿಸಿದರೆ ಉಳಿದದ್ದು ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ.

ಮೊದಲು ಅವರ ಬೇಸರಕ್ಕೆ ಕಾರಣವೇನೆಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಫೈಟರ್‌ನ ಪೆಟ್ಟು 1ಡಿ8+4 (ಎಂಟು ಮುಖದ ಒಂದು ದಾಳದಲ್ಲಿ ಬಿದ್ದದ್ದಕ್ಕೆ 4 ಕೂಡಿಸಿದಷ್ಟು), ಅಂದರೆ ಸರಾಸರಿ 8.5. ಪುಸ್ತಕದಲ್ಲಿರುವ ವೇರ್‌ವುಲ್ಫ್‌ಗೆ 20 ಹಿಟ್ ಪಾಯಿಂಟ್ (ಬೀಳುವ ಮೊದಲು ತಾಳಬಲ್ಲ ಪೆಟ್ಟಿನ ಅಂಕ) ಇವೆ ಮತ್ತು ಅದು ತೋಳದ ರೂಪದಲ್ಲಾಗಲಿ ಅರೆತೋಳದ ರೂಪದಲ್ಲಾಗಲಿ ಇರುವಾಗ ಡಿಆರ್ 10/ಬೆಳ್ಳಿ ಇದೆ. ಬೆಳ್ಳಿಯಲ್ಲದ ಪ್ರತಿಯೊಂದು ಪೆಟ್ಟಿನಿಂದಲೂ 10 ಕಳೆಯಬೇಕಾದ್ದರಿಂದ ದಾಳದಲ್ಲಿ 7 ಬಿದ್ದರೆ 1, 8 ಬಿದ್ದರೆ 2, ಉಳಿದ ಆರು ಮುಖಗಳಲ್ಲಿ ಯಾವುದು ಬಿದ್ದರೂ ಸೊನ್ನೆ. ತಾಗಿದ ಪ್ರತಿ ಪೆಟ್ಟಿಗೆ ಸರಾಸರಿ 0.375 ಆಗುತ್ತದೆ, ಅಂದರೆ ಆ ಪ್ರಾಣಿಯನ್ನು ಕೆಡವಲು ಐವತ್ತಕ್ಕೂ ಹೆಚ್ಚು ಪೆಟ್ಟುಗಳು ಬೇಕು. ಅದೇ ಕತ್ತಿ ಬೆಳ್ಳಿಯದಾಗಿದ್ದರೆ, ಬೆಳ್ಳಿಯ ಆಯುಧಕ್ಕಿರುವ ಒಂದು ಅಂಕದ ಕಡಿತವನ್ನು ಕಳೆದ ಮೇಲೂ ಸರಾಸರಿ 7.5 ಉಳಿಯುತ್ತದೆ ಮತ್ತು ಮೂರು ಪೆಟ್ಟಿಗೆ ಕೆಲಸ ಮುಗಿಯುತ್ತದೆ. ಐವತ್ತಕ್ಕೂ ಮೂರಕ್ಕೂ ಇರುವ ಈ ಅಂತರವನ್ನು ಕಾಣದೆ ಒಂದು ಸಂಜೆಯಿಡೀ ದಾಳ ಉರುಳಿಸಿದವರು ಸಿಟ್ಟಾಗುವುದು ಸಹಜ. ಅಂದಹಾಗೆ, ಕಚ್ಚಿಸಿಕೊಂಡು ರೋಗ ತಗುಲಿದ ವೇರ್‌ವುಲ್ಫ್‌ಗೆ ಡಿಆರ್ 5/ಬೆಳ್ಳಿ ಮಾತ್ರ ಇರುತ್ತದೆ. ಅಂಥದರ ಮೇಲೆ ಇದೇ ಸಾಧಾರಣ ಲಾಂಗ್‌ಸೋರ್ಡ್ ಸರಾಸರಿ 3.5 ಕೊಡುತ್ತದೆ. ಮೊದಲ ಭೇಟಿಗೆ ಹುಟ್ಟಾ ವೇರ್‌ವುಲ್ಫ್‌ನ ಬದಲು ಇಂಥದನ್ನು ತಂದರೆ ಕಾಳಗ ಕಷ್ಟದ್ದಾಗಿಯೇ ಉಳಿಯುತ್ತದೆ, ಆದರೆ ಗೆಲ್ಲಲಾಗದ್ದೆನಿಸುವುದಿಲ್ಲ.

ಇನ್ನು ಮಾಹಿತಿಯ ವಿಷಯ. ಡಿಆರ್‌ನಿಂದಾಗಿ ಪೆಟ್ಟು ವ್ಯರ್ಥವಾದಾಗ ಗಾಯ ಕಣ್ಣೆದುರೇ ಮಾಯುತ್ತದೆ ಅಥವಾ ಆಯುಧ ಏನೂ ಮಾಡದೆ ಚಿಮ್ಮಿ ಬರುತ್ತದೆ, ಎರಡರಲ್ಲಿ ಯಾವುದಾದರೂ ಹೊಡೆದವನಿಗೆ ಅದು ಗೊತ್ತಾಗುತ್ತದೆ ಎಂದು ನಿಯಮವೇ ಹೇಳುತ್ತದೆ. ಅನೇಕ ಡಿಎಂಗಳು ಈ ಸಾಲನ್ನು ಗಮನಿಸದೆ, ಸುಮ್ಮನೆ ಹಿಟ್ ಪಾಯಿಂಟ್ ಲೆಕ್ಕವನ್ನು ಪರದೆಯ ಹಿಂದೆ ಬರೆದುಕೊಳ್ಳುತ್ತಾರೆ. ಮೊದಲ ಪೆಟ್ಟಿಗೇ ‘ಕತ್ತಿ ಭುಜದಲ್ಲಿ ನಾಲ್ಕು ಬೆರಳು ಇಳಿಯಿತು, ಹೊರಗೆಳೆಯುವಷ್ಟರಲ್ಲಿ ಸೀಳು ಕೂಡಿಕೊಂಡು ರಕ್ತದ ಗುರುತೂ ಉಳಿಯಲಿಲ್ಲ’ ಎಂದು ಹೇಳಿಬಿಡಿ. ಅದರ ಜೊತೆಗೆ ನಾಲೆಜ್ ಪರೀಕ್ಷೆಗೆ (ಪಾತ್ರಕ್ಕೆ ಆ ಪ್ರಾಣಿಯ ಬಗ್ಗೆ ಗೊತ್ತಿದೆಯೇ ಎಂದು ದಾಳ ಉರುಳಿಸಿ ನೋಡುವುದಕ್ಕೆ) ಅವಕಾಶ ಕೊಡಿ. ಗುರಿಸಂಖ್ಯೆ 10ಕ್ಕೆ ಪ್ರಾಣಿಯ ಹಿಟ್ ಡೈಸ್ (ಅದರ ಬಲದ ಅಳತೆ, ಇಲ್ಲಿ 3) ಕೂಡಿಸಿದಷ್ಟು, ಅಂದರೆ ಇಲ್ಲಿ 13. ಆ ವಿದ್ಯೆಯಲ್ಲಿ ಒಂದಾದರೂ ರ್‍ಯಾಂಕ್ ಇರುವವರಿಗೆ ಇದು ದೂರದ ಮಾತಲ್ಲ. ರ್‍ಯಾಂಕ್ ಯಾರಿಗೂ ಇಲ್ಲದಿದ್ದರೆ ಹಳ್ಳಿಯ ಮುದುಕಿಯೊಬ್ಬಳ ಬಾಯಲ್ಲಿ ಬೆಳ್ಳಿಯ ಸಂಗತಿಯನ್ನು ಹೇಳಿಸಬಹುದು. ಹಳ್ಳಿಯ ಜನಕ್ಕೆ ಇಂಥ ಕಥೆಗಳು ಗೊತ್ತಿರುವುದು ಅಸಹಜವೂ ಅಲ್ಲ: ಫ್ರಾನ್ಸ್‌ನ ಜೆವೋದಾನ್ ಪ್ರಾಂತ್ಯದಲ್ಲಿ ಜನರನ್ನು ಕೊಲ್ಲುತ್ತಿದ್ದ ಮೃಗವನ್ನು 1767ರಲ್ಲಿ ಝಾನ್ ಶಾಸ್ತೆಲ್ ಎಂಬವನು ಗುಂಡಿಟ್ಟು ಕೊಂದನು, ಆ ಗುಂಡು ಬೆಳ್ಳಿಯದಾಗಿತ್ತೆಂಬ ಮಾತು ಮಾತ್ರ ಆಮೇಲೆ ಸೇರಿಕೊಂಡದ್ದು.

ಲೋಹಗಳಲ್ಲಿ ನಿಮ್ಮ ಲೆವೆಲ್ಲಿಗೆ ಮುಖ್ಯವಾದವು ಬೆಳ್ಳಿ ಮತ್ತು ಕೋಲ್ಡ್ ಐರನ್. ಬೆಳ್ಳಿಯ ಲೇಪಕ್ಕೆ ಚಾಕುವಿನಂಥ ಹಗುರ ಆಯುಧಕ್ಕಾದರೆ 20 ಚಿನ್ನದ ನಾಣ್ಯ, ಒಂದು ಕೈಯಲ್ಲಿ ಹಿಡಿಯುವುದಕ್ಕೆ 90, ಎರಡು ಕೈ ಬೇಕಾದುದಕ್ಕೆ 180 ಹೆಚ್ಚುವರಿ ಬೀಳುತ್ತದೆ. ಕೋಲ್ಡ್ ಐರನ್ ನೆಲದಾಳದಿಂದ ತೆಗೆದು ಕಡಿಮೆ ಕಾವಿನಲ್ಲಿ ಬಡಿದ ಕಬ್ಬಿಣ. ಡ್ರಯಾಡ್, ಸೇಟರ್, ನಿಂಫ್ ಮುಂತಾದ ಫೇ (ಕಿನ್ನರ) ಜೀವಿಗಳ ಮೇಲೂ ಅನೇಕ ಡೀಮನ್‌ಗಳ ಮೇಲೂ ಕೆಲಸ ಮಾಡುತ್ತದೆ. ಕಬ್ಬಿಣಕ್ಕೆ ಕಿನ್ನರಿಯರು ಹೆದರುತ್ತಾರೆಂಬ ಯುರೋಪಿನ ನಂಬಿಕೆ ಇದರ ಹಿಂದಿದೆ. ಬಾಣಂತಿಯ ದಿಂಬಿನಡಿ ಕತ್ತಿಯನ್ನೋ ಕುಡುಗೋಲನ್ನೋ ಇಡುವ ರೂಢಿಯನ್ನು ಕಂಡ ನಮ್ಮ ಆಟಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಇದರ ಬೆಲೆ ಸಾಮಾನ್ಯ ಆಯುಧದ ಎರಡರಷ್ಟು ಮಾತ್ರ, ಪೆಟ್ಟಿನಲ್ಲಿ ಕಡಿತವೂ ಇಲ್ಲ. ಆದರೆ ಅದಕ್ಕೆ ಮೊದಲ ಬಾರಿ ಮಂತ್ರಶಕ್ತಿ ತುಂಬಿಸುವಾಗ 2,000 ನಾಣ್ಯ ಹೆಚ್ಚು ತೆರಬೇಕಾಗುತ್ತದೆ. ಆದ್ದರಿಂದ ಕೋಲ್ಡ್ ಐರನ್ ಆಯುಧವನ್ನು ಮಂತ್ರವಿಲ್ಲದ ಎರಡನೇ ಆಯುಧವಾಗಿಯೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಜಾಣತನ. ಒಂದೇ ಕತ್ತಿಯನ್ನು ಎರಡಕ್ಕೂ ಬಳಸುವ ಆಸೆ ಬೇಡ, ಏಕೆಂದರೆ ಕೋಲ್ಡ್ ಐರನ್ ಮೇಲೆ ಬೆಳ್ಳಿಯ ಲೇಪ ಹಿಡಿಯುವುದಿಲ್ಲ.

ಲೋಹಕ್ಕಿಂತ ಆಕಾರವೇ ಮುಖ್ಯವಾಗುವ ಶತ್ರುಗಳೂ ಇವೆ. ಅಸ್ಥಿಪಂಜರಕ್ಕೆ ಡಿಆರ್ 5/ಜಜ್ಜುವ ಪೆಟ್ಟು, ಜಾಂಬಿಗೆ ಡಿಆರ್ 5/ಕತ್ತರಿಸುವ ಪೆಟ್ಟು ಇರುವುದರಿಂದ ಈ ಎರಡಕ್ಕೂ ಹಣ ಖರ್ಚಾಗುವುದೇ ಇಲ್ಲ. ಒಂದು ದೊಣ್ಣೆ, ಒಂದು ಕತ್ತಿ ತಂಡದಲ್ಲಿದ್ದರೆ ಸಾಕು.

ಡಿಆರ್ ಅನ್ನು ಬದಿಗೆ ಸರಿಸುವ ಬೇರೆ ದಾರಿಗಳನ್ನೂ ನಿಮ್ಮವರು ತಿಳಿದಿರಬೇಕು. ಬೆಂಕಿ, ಹಿಮ, ಆಮ್ಲಗಳಿಗೂ ಮ್ಯಾಜಿಕ್ ಮಿಸೈಲ್‌ನಂಥ ಮಂತ್ರಗಳಿಗೂ ಡಿಆರ್ ಅಡ್ಡ ಬರುವುದಿಲ್ಲ. 20 ನಾಣ್ಯದ ಆಲ್ಕೆಮಿಸ್ಟ್ಸ್ ಫೈರ್ (ಎಸೆದರೆ ಹೊತ್ತಿಕೊಳ್ಳುವ ದ್ರವ) ಶೀಸೆಯೊಂದು ವೇರ್‌ವುಲ್ಫ್‌ನ ಮೇಲೆ ನಿಮ್ಮ ಫೈಟರ್‌ನ ಕತ್ತಿಗಿಂತ ಎಷ್ಟೋ ಮೇಲು. ಮ್ಯಾಜಿಕ್ ವೆಪನ್ ಮಂತ್ರ ಹಾಕಿದರೆ ಕತ್ತಿ ಮಾಂತ್ರಿಕವಾಗುತ್ತದೆಯೇ ಹೊರತು ಬೆಳ್ಳಿಯದಾಗುವುದಿಲ್ಲ, ಈ ಗೊಂದಲ ಹೊಸಬರಲ್ಲಿ ಬಹಳ. ‘ಬೆಳ್ಳಿ ಮತ್ತು ಮಾಂತ್ರಿಕ’ ಎಂದು ಎರಡನ್ನೂ ಕೇಳುವ ರಕ್ತಪಿಶಾಚಿಯ ಡಿಆರ್ 10ಕ್ಕೆ ಒಂದೇ ಆಯುಧದಲ್ಲಿ ಎರಡು ಗುಣವೂ ಇರಬೇಕು. ಅಲ್ಲಿ ಬೆಳ್ಳಿಯ ಚಾಕುವಿನ ಮೇಲೆ ಅದೇ ಮಂತ್ರವನ್ನು ಹಾಕುವುದು ಅಗ್ಗದ ಉಪಾಯ. ಬಿಲ್ಲುಗಾರರಿಗೆ ಇದು ಇನ್ನೂ ಸುಲಭ: ಮಾಂತ್ರಿಕ ಬಿಲ್ಲಿನಿಂದ ಬಿಟ್ಟ ಬಾಣ ಡಿಆರ್ ವಿಷಯದಲ್ಲಿ ಮಾಂತ್ರಿಕವೆಂದೇ ಎಣಿಕೆಯಾಗುತ್ತದೆ, ಲೋಹ ಬಾಣದ್ದೇ ಆಗಿರುತ್ತದೆ. ಚಾಕುವಿಗೆ ಹಚ್ಚುವ ವಿಷದ ಮೇಲೆ ರೋಗ್ (ಕಳ್ಳನಂಥ ಚುರುಕು ಪಾತ್ರ) ಭರವಸೆ ಇಟ್ಟಿದ್ದರೆ ಒಂದು ಎಚ್ಚರಿಕೆ: ಡಿಆರ್ ಪೆಟ್ಟನ್ನು ಪೂರ್ತಿ ನುಂಗಿದರೆ ಗಾಯದ ಮೂಲಕ ಏರುವ ವಿಷವೂ ವ್ಯರ್ಥವಾಗುತ್ತದೆ.

ಇದೇ ಚರ್ಚೆಯಲ್ಲಿ ಮತ್ತೊಬ್ಬರು, ಡಿಆರ್ ಕಳೆಯುವ ಬದಲು ‘ಪೆಟ್ಟನ್ನು ಅರ್ಧ ಮಾಡಿದರಾಯಿತು’ ಎಂದಿದ್ದಾರೆ. ಅದು 2014ರ ಐದನೇ ಆವೃತ್ತಿಯ ರೆಸಿಸ್ಟೆನ್ಸ್ ನಿಯಮ. ಅಲ್ಲಿ ಬೇರೆ ಕೂಡಿಸು-ಕಳೆಗಳೆಲ್ಲ ಮುಗಿದ ಮೇಲೆ ಪೆಟ್ಟನ್ನು ಅರ್ಧಕ್ಕಿಳಿಸಿ, ಭಿನ್ನಾಂಕವನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಮೇಜಿಗೆ ಅದನ್ನು ತರುವ ಮೊದಲು ಪರಿಣಾಮವನ್ನು ನೋಡಿ. 1ಡಿ4+3 ಚಾಕುವಿನಿಂದ ಹೊಡೆಯುವ ರೋಗ್‌ಗೆ ಡಿಆರ್ 5ರ ಎದುರು ಉಳಿಯುವುದು ಸರಾಸರಿ 0.75, ಅರ್ಧ ಮಾಡಿದರೆ 2.5. ನಿಗದಿತ ಸಂಖ್ಯೆ ಕಳೆಯುವ ಪದ್ಧತಿ ಸಣ್ಣ ಸಣ್ಣ ಪೆಟ್ಟು ಹಾಕುವವರನ್ನು ಹಿಂಡುತ್ತದೆ, ಗ್ರೇಟ್‌ಸೋರ್ಡ್ ಹಿಡಿದವನನ್ನು ಅಷ್ಟಾಗಿ ಕಾಡುವುದಿಲ್ಲ. ಅರ್ಧ ಮಾಡುವ ಪದ್ಧತಿ ಎಲ್ಲರನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತದೆ. ಹಾಗೆಂದು ಐದನೇ ಆವೃತ್ತಿ ಎಲ್ಲೆಡೆ ಮೃದುವೂ ಅಲ್ಲ: 2014ರ ವೇರ್‌ವುಲ್ಫ್‌ಗೆ ಬೆಳ್ಳಿಯೂ ಅಲ್ಲದ ಮಾಂತ್ರಿಕವೂ ಅಲ್ಲದ ಆಯುಧ ತಾಗುವುದೇ ಇಲ್ಲ. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿ ಈ ವಿಚಾರವನ್ನು ತಿರುಗಿಸಿಟ್ಟಿದೆ. ಅಲ್ಲಿ ವೇರ್‌ವುಲ್ಫ್‌ಗೆ ಬೆಳ್ಳಿಯ ವಿಷಯದಲ್ಲಿ ವೀಕ್ನೆಸ್ ಇದ್ದು, ಸರಿಯಾದ ಲೋಹ ತಂದವನಿಗೆ ಹೆಚ್ಚುವರಿ ಪೆಟ್ಟು ಸಿಗುತ್ತದೆ. ತಯಾರಿ ಮಾಡಿಕೊಂಡವರಿಗೆ ಬಹುಮಾನ, ಮಾಡದವರಿಗೆ ಶಿಕ್ಷೆಯಿಲ್ಲ. ನನಗೆ ವೈಯಕ್ತಿಕವಾಗಿ ಇದು ಹಿಡಿಸುತ್ತದೆ, ಆದರೆ 3.5ರ ಪ್ರಾಣಿಗಳನ್ನು ಒಂದೊಂದಾಗಿ ಹೀಗೆ ಬದಲಿಸುತ್ತ ಕೂರುವುದು ಹೊಸ ಡಿಎಂಗೆ ಹೊರೆಯಾದೀತು.

ಖರೀದಿಯ ಲೆಕ್ಕಕ್ಕೆ ಬರೋಣ. ಫೈಟರ್‌ಗೆ ಬೆಳ್ಳಿಯ ಲಾಂಗ್‌ಸೋರ್ಡ್ 105, ರೋಗ್‌ಗೆ ಬೆಳ್ಳಿಯ ಚಾಕು 22, ಕ್ಲೆರಿಕ್‌ಗೆ (ಪುರೋಹಿತ ಪಾತ್ರಕ್ಕೆ) ಕೋಲ್ಡ್ ಐರನ್‌ನ ಮಾರ್ನಿಂಗ್‌ಸ್ಟಾರ್ (ಮುಳ್ಳುಗದೆ) 16, ಬಿಲ್ಲುಗಾರ್ತಿಗೆ ಇಪ್ಪತ್ತು ಬೆಳ್ಳಿಯ ಬಾಣ 41, ಇಪ್ಪತ್ತು ಕೋಲ್ಡ್ ಐರನ್ ಬಾಣ 2, ಒಟ್ಟು 186 ನಾಣ್ಯ. ಮಾರ್ನಿಂಗ್‌ಸ್ಟಾರ್ ಆರಿಸಿದ್ದಕ್ಕೆ ಕಾರಣವಿದೆ: ಅದು ಜಜ್ಜುವ ಆಯುಧವೂ ಹೌದು, ಚುಚ್ಚುವ ಆಯುಧವೂ ಹೌದು, ಆದ್ದರಿಂದ ಅಸ್ಥಿಪಂಜರಕ್ಕೂ ಫೇ ಜೀವಿಗೂ ಅದೊಂದೇ ಸಾಕು. ನಿಮ್ಮವರ ಕೈಯಲ್ಲಿ ಇಷ್ಟೂ ಇಲ್ಲದಿದ್ದರೆ ಬೆಳ್ಳಿಯ ಚಾಕು ಮತ್ತು ಬಾಣಗಳಿಂದಲೇ ಶುರು ಮಾಡಲಿ.

ಅತಿ ಗಡಸು ಲೋಹವಾದ ಅಡಮಂಟೀನ್ ಬಗ್ಗೆ ನಿಮ್ಮ ಫೈಟರ್ ಕನಸು ಕಾಣುತ್ತಿದ್ದಾನೆಂದು ಬರೆದಿದ್ದೀರಿ. ಅದರ ಆಯುಧಕ್ಕೆ 3,000 ನಾಣ್ಯ ಹೆಚ್ಚುವರಿ, ಐದನೇ ಲೆವೆಲ್ಲಿನ ಒಬ್ಬ ಪಾತ್ರಧಾರಿಯ ಬಳಿ ಇರಬೇಕಾದ ಒಟ್ಟು ಆಸ್ತಿಯೇ 9,000. ಅದನ್ನು ಬೇಡುವ ಕಲ್ಲಿನ ಗೋಲೆಮ್ (ಮಂತ್ರದಿಂದ ಚಲಿಸುವ ಬೊಂಬೆ) 11ನೇ ಚಾಲೆಂಜ್ ರೇಟಿಂಗ್‌ನದು (ಎದುರಾಳಿಯ ಕಷ್ಟದ ಮಟ್ಟ), ಕಬ್ಬಿಣದ ಗೋಲೆಮ್ 13ನೆಯದು. ಅವೆರಡೂ ಇವರ ದಾರಿಗೆ ಅಡ್ಡ ಬರಲು ಇನ್ನೂ ಬಹಳ ಕಾಲವಿದೆ. ಅದರ ನಿಜವಾದ ಬಳಕೆ ಕಾಳಗದ ಆಚೆಗಿದೆ. 20ಕ್ಕಿಂತ ಕಡಿಮೆಯ ಗಡಸುತನವನ್ನು (ವಸ್ತುವನ್ನು ಒಡೆಯುವಾಗ ಪೆಟ್ಟಿನಿಂದ ಕಳೆಯುವ ಅಂಕ) ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ; ಕಲ್ಲಿನ ಗಡಸುತನ 8, ಕಬ್ಬಿಣದ್ದು 10. ಎಂದಾದರೂ ಅದನ್ನು ಬಹುಮಾನವಾಗಿ ಕೊಡುವ ಮನಸ್ಸಾದರೆ, ಮುಂದಿನ ನೆಲಮಾಳಿಗೆಯ ನಕ್ಷೆಯಲ್ಲಿ ಯಾವ ಬೀಗ ಹಾಕಿದ ಕಬ್ಬಿಣದ ಬಾಗಿಲನ್ನು ನೀವು ನಂಬಿಕೊಂಡಿದ್ದೀರೋ ಅದನ್ನು ಮೊದಲು ಬೇರೆ ರೀತಿಯಲ್ಲಿ ಭದ್ರಪಡಿಸಿಕೊಳ್ಳಿ.