ಕ್ಯೂಆರ್ ಕೋಡ್ ಇದ್ದರೆ ಸಾಲದೆ?

ಮಾನ್ಯರೇ,

ಸಣ್ಣ ಸೇವಾ ಉದ್ಯಮಗಳು ತಮ್ಮ ಒಳಗಿನ ಲೆಕ್ಕಪತ್ರವನ್ನು ಕಂಪ್ಯೂಟರಿಗೆ ತರಬೇಕೆಂಬ ಕಳೆದ ಸಂಚಿಕೆಯ ಲೇಖನದ ಬಗ್ಗೆ ತಾವು ಬರೆದ ಪತ್ರ ತಲುಪಿದೆ. ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ತಂದೆಯವರ ಕಾಲದಿಂದ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿ ನಡೆಸುತ್ತಿರುವ ತಾವು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕ್ಯೂಆರ್ ಕೋಡ್ ಇದೆ, ಆರ್ಡರುಗಳು ವಾಟ್ಸ್ಯಾಪಿನಲ್ಲಿ ಬರುತ್ತವೆ, ಉಳಿದದ್ದಕ್ಕೆ ಎಂದೂ ಕೈಕೊಡದ ಡೈರಿ ಇದೆ, ಇದಕ್ಕಿಂತ ಹೆಚ್ಚಿನದು ನಮ್ಮಂಥವರಿಗೆ ಏಕೆ ಎಂದು ಕೇಳಿದ್ದೀರಿ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕುವುದೆಂದರೆ ತೆರಿಗೆಯವರಿಗೆ ನಾವೇ ಬೀಗದ ಕೈ ಕೊಟ್ಟಂತೆ ಎಂಬ ಅಳುಕನ್ನೂ, ಸಾಫ್ಟ್‌ವೇರ್ ಮಾರುವವರೊಬ್ಬರು ಬೆನ್ನು ಬಿದ್ದಿರುವುದನ್ನೂ ತಿಳಿಸಿದ್ದೀರಿ. ಆ ಅಳುಕಿನಿಂದಲೇ ಉತ್ತರ ಆರಂಭಿಸುತ್ತೇನೆ.

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ತಮಗೆ ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ಹಳೆಯ ಬಾಕಿಯ ವಿಷಯದಲ್ಲಿ ಮುಖ್ಯಮಂತ್ರಿಗಳೇ ಭರವಸೆ ಕೊಟ್ಟ ಮೇಲೆ ಗಲಾಟೆ ತಣ್ಣಗಾಯಿತು. ಆ ವ್ಯಾಪಾರಿಗಳು ತೊಂದರೆಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಲೆಕ್ಕ ಇಟ್ಟಿದ್ದರಿಂದಲ್ಲ. ಖಾತೆಗೆ ಬಂದ ಹಣದ ವಿವರ ಇಲಾಖೆಯ ಬಳಿ ಇತ್ತು; ಅದರಲ್ಲಿ ತೆರಿಗೆಯೇ ಇಲ್ಲದ ಹಾಲು, ತರಕಾರಿಯದೆಷ್ಟು, ಭಾವಮೈದುನ ಕೈಗಡ ತೀರಿಸಿದ್ದೆಷ್ಟು ಎಂದು ಬಿಡಿಸಿ ತೋರಿಸುವ ಪುಸ್ತಕ ಅನೇಕರ ಬಳಿ ಇರಲಿಲ್ಲ. ಕ್ಯೂಆರ್ ಕೋಡ್ ಇಟ್ಟ ದಿನವೇ ತಮ್ಮ ಜಮೆ ಹೊರಗಿನವರಿಗೆ ಕಾಣತೊಡಗಿತು. ಕಾಣದೆ ಉಳಿದಿರುವುದು ತಮಗೆ ಮಾತ್ರ.

ತಮ್ಮ ಕಸುಬಿನಲ್ಲಂತೂ ಈ ತೊಡಕು ಇನ್ನೂ ಹೆಚ್ಚು. ಪಾತ್ರೆಗೆಂದು ಪಡೆದು, ಪಾತ್ರೆ ಮರಳಿದ ಮೇಲೆ ಹಿಂದಿರುಗಿಸುವ ಠೇವಣಿ ತಮ್ಮ ಆದಾಯವಲ್ಲ. ಆದರೆ ಬ್ಯಾಂಕಿನ ಪಟ್ಟಿಯಲ್ಲಿ ಅದೂ ಬಾಡಿಗೆಯಂತೆಯೇ ಒಂದು ಜಮೆ. ಇದರ ಜೊತೆಗೆ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಇದೆ: ಜಿಎಸ್‌ಟಿ ನೋಂದಣಿಗೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿ ಎಲ್ಲರಿಗೂ ಒಂದೇ ಎಂಬುದು. ಆ ಮಿತಿ ಇರುವುದು ಸರಕು ಮಾರುವವರಿಗೆ; ಶಾಮಿಯಾನ, ಕುರ್ಚಿ, ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ಸೇವೆಯಾದ್ದರಿಂದ ತಮಗೆ ಅನ್ವಯಿಸುವುದು ವರ್ಷಕ್ಕೆ 20 ಲಕ್ಷದ ಮಿತಿ. ಠೇವಣಿಯನ್ನು ಬಾಡಿಗೆಯಿಂದ ಬೇರ್ಪಡಿಸಿ, ಅಂದಂದೇ ದಾಖಲಿಸದೆ ಹೋದರೆ, ಮಿತಿಯ ಒಳಗಿದ್ದೀರೋ ಹೊರಗಿದ್ದೀರೋ ಎಂಬುದನ್ನು ತಾವೇ ಖಚಿತವಾಗಿ ಹೇಳಲಾರಿರಿ.

ಆದರೆ ತೆರಿಗೆಯ ಸಲುವಾಗಿಯೇ ಇದನ್ನು ಮಾಡಿ ಎಂದು ನಾನು ಹೇಳುವುದಿಲ್ಲ. ತಾವು ಪತ್ರದೊಂದಿಗೆ ಅಭಿಮಾನದಿಂದ ಕಳುಹಿಸಿದ ಡೈರಿಯ ಪುಟದ ಜೆರಾಕ್ಸ್ ಪ್ರತಿಯನ್ನು ನೋಡಿದೆ. ‘ಗೌಡ್ರ ಮನೆ, ದೊಡ್ಡದು 2, ಕುರ್ಚಿ ಹೋದ ಸಲದಷ್ಟೆ, ಅಡ್ವಾನ್ಸ್ ಬಂತು’ ಎಂದು ಒಂದು ಕಡೆ ಬರೆದಿದ್ದೀರಿ. ಯಾವ ಗೌಡರು, ದೊಡ್ಡದೆಂದರೆ ಶಾಮಿಯಾನವೋ ಕೊಪ್ಪರಿಗೆಯೋ, ಹೋದ ಸಲ ಕುರ್ಚಿ ಎಷ್ಟಿದ್ದವು, ಅಡ್ವಾನ್ಸ್ ನಗದಾಗಿ ಬಂತೋ ಫೋನಿನಲ್ಲಿ ಬಂತೋ, ಇವೆಲ್ಲವೂ ತಮಗೆ ಗೊತ್ತು, ಡೈರಿಗೆ ಗೊತ್ತಿಲ್ಲ. ಡೈರಿ ಕೈಕೊಟ್ಟಿಲ್ಲವೆಂದರೆ ಅದರ ಅರ್ಥ ತಮ್ಮ ಜ್ಞಾಪಕಶಕ್ತಿ ಕೈಕೊಟ್ಟಿಲ್ಲವೆಂದಷ್ಟೇ. ವೈಶಾಖದ ಲಗ್ನದ ದಿನಗಳಲ್ಲಿ ತಾವು ನಾಲ್ಕು ದಿನ ಜ್ವರದಲ್ಲಿ ಮಲಗಿದರೆ, ಟೆಂಪೊಗೆ ಏನೇನು ತುಂಬಬೇಕೆಂದು ಕೇಳಲು ಹುಡುಗರು ತಮ್ಮ ಹಾಸಿಗೆಯ ಪಕ್ಕಕ್ಕೇ ಬರಬೇಕಾಗುತ್ತದೆ.

ಇನ್ನು ಸಾಮಾನು ಮರಳಿ ಬರುವ ಹೊತ್ತನ್ನು ನೋಡೋಣ. ಒಂದೇ ಲಗ್ನಕ್ಕೆ ಮೂರು ಕಡೆ ಹೋದ ಪಾತ್ರೆಗಳು ಒಂದೇ ರಾತ್ರಿ ಗೋದಾಮಿಗೆ ಬಂದು ಬೀಳುತ್ತವೆ. ದಣಿದ ಹುಡುಗರು ಕೊಳಗ, ಕೊಪ್ಪರಿಗೆಗಳನ್ನು ಎಣಿಸುತ್ತಾರೆ. ಸೌಟು, ಜಾಲರಿ, ಲೋಟಗಳನ್ನು ಗೋಣಿಚೀಲದಲ್ಲಿಯೇ ಬಿಡುತ್ತಾರೆ. ಕಾಣೆಯಾದ ಎರಡು ಸೌಟು ಯಾವ ಮನೆಯಲ್ಲಿ ಉಳಿದವೆಂದು ಮಾರನೆಯ ದಿನ ಯಾರೂ ಹೇಳಲಾರರು, ಅಷ್ಟಕ್ಕಾಗಿ ಬೀಗರೂಟದ ಮನೆಗೆ ಫೋನ್ ಮಾಡಲು ತಮಗೂ ಸಂಕೋಚ. ಹೊರಡುವಾಗ ಸಾಮಾನಿನ ಪಟ್ಟಿಯನ್ನು ಫೋನಿನಲ್ಲಿ ತುಂಬಿ, ಪಾರ್ಟಿಯ ವಾಟ್ಸ್ಯಾಪಿಗೆ ಒಂದು ಪ್ರತಿ ಕಳುಹಿಸಿ, ಮರಳಿದಾಗ ಅದೇ ಪಟ್ಟಿಯ ಮುಂದೆ ಬಂದ ಸಂಖ್ಯೆಯನ್ನು ಬರೆಯುವ ಪದ್ಧತಿಯಿದ್ದರೆ, ಕೇಳುವುದು ಪಟ್ಟಿಯೇ ಹೊರತು ತಾವಲ್ಲ. ಈ ಒಂದು ಕೆಲಸಕ್ಕಾಗಿಯಾದರೂ ಡಿಜಿಟಲ್ ದಾಖಲೆ ಬೇಕೆಂಬುದು ನನ್ನ ದೃಢ ಅಭಿಪ್ರಾಯ. ಹಮಾಲರು ಮೊದಲೇ ಪಡೆದ ಕೂಲಿ, ಬಟವಾಡೆಯ ದಿನದ ಚೌಕಾಶಿ ಇವೂ ಹೀಗೆಯೇ ಸರಿಹೋಗುತ್ತವೆ, ವಿವರಿಸಬೇಕಾಗಿಲ್ಲ.

ಒಂದು ಹಂಗಾಮಿನ ದಾಖಲೆ ಕೈಗೆ ಬಂದ ಮೇಲೆ ಇನ್ನೊಂದು ಅನುಕೂಲವಿದೆ. ಯಾವ ಸಾಮಾನು ಎಷ್ಟು ದಿನ ಹೊರಗಿತ್ತು, ಎಷ್ಟು ದಿನ ಗೋದಾಮಿನಲ್ಲಿ ಧೂಳು ತಿಂದಿತು ಎಂಬುದು ಕಾಣುತ್ತದೆ. ಇನ್ನೂ ನೂರು ಕುರ್ಚಿ ಕೊಳ್ಳಬೇಕೋ, ಒತ್ತಡದ ನಾಲ್ಕು ದಿನಗಳಿಗೆ ಪಕ್ಕದ ಊರಿನ ಅಂಗಡಿಯಿಂದ ತಂದು ಕೊಟ್ಟರೆ ಸಾಕೋ ಎಂಬ ಪ್ರಶ್ನೆಗೆ ಈಗ ತಾವು ಅಂದಾಜಿನ ಮೇಲೆ ಉತ್ತರ ಹೇಳಿಕೊಳ್ಳುತ್ತಿದ್ದೀರಿ. ಬಂಡವಾಳವೆಲ್ಲ ಸಾಮಾನಿನಲ್ಲಿಯೇ ಇರುವ ಕಸುಬಿಗೆ ಅಂದಾಜು ದುಬಾರಿ.

ಆರಂಭಿಸಲು ಆಷಾಢಕ್ಕಿಂತ ಒಳ್ಳೆಯ ತಿಂಗಳಿಲ್ಲ. ಮದುವೆಗಳಿಲ್ಲದ ಆ ದಿನಗಳಲ್ಲಿ ಗೋದಾಮಿನ ಸಾಮಾನನ್ನೆಲ್ಲ ಎಣಿಸಿ, ಗೂಗಲ್ ಶೀಟಿನಲ್ಲಿ ಒಂದು ಪಟ್ಟಿ ಮಾಡಿಸಿ. ಹೆಸರುಗಳು ಹುಡುಗರು ಕರೆಯುವ ಹೆಸರುಗಳೇ ಆಗಿರಲಿ, ಕನ್ನಡದಲ್ಲಿಯೇ ಇರಲಿ; ಟೈಪ್ ಮಾಡಲು ಬಾರದವರು ಕನ್ನಡದಲ್ಲಿ ಹೇಳಿದರೂ ಫೋನು ಬರೆದುಕೊಳ್ಳುತ್ತದೆ. ಎರಡನೆಯ ಪುಟದಲ್ಲಿ ಬುಕಿಂಗ್: ದಿನಾಂಕ, ಪಾರ್ಟಿಯ ಹೆಸರು, ಮೊಬೈಲ್ ಸಂಖ್ಯೆ, ಸ್ಥಳ, ಬಾಡಿಗೆ, ಠೇವಣಿ, ಬಾಕಿ. ಇಷ್ಟೇ ಸಾಕು. ಡೈರಿಯನ್ನು ಬಿಸಾಡಬೇಡಿ, ಮೊದಲ ಹಂಗಾಮಿನಲ್ಲಿ ಎರಡೂ ಜೊತೆಯಾಗಿ ನಡೆಯಲಿ. ಇಮ್ಮಡಿ ಕೆಲಸವೆಂದು ಹುಡುಗರು ಗೊಣಗುತ್ತಾರೆ, ಅದು ನಿಜವೂ ಹೌದು. ಉದ್ರಿ ಯಾರಿಗೆ ಕೊಡಬೇಕು, ಬಡವರ ಮನೆಯ ಮದುವೆಗೆ ಎಷ್ಟು ಬಿಡಬೇಕು ಎಂಬುದನ್ನು ಮಾತ್ರ ಯಾವ ಶೀಟೂ ಹೇಳಬೇಕಾಗಿಲ್ಲ; ಬಿಟ್ಟದ್ದನ್ನು ಬರೆದಿಟ್ಟರೆ ಸಾಕು.

ಬೆನ್ನು ಬಿದ್ದಿರುವ ಸಾಫ್ಟ್‌ವೇರಿನವರ ಬಗ್ಗೆ ಹೇಳುವುದಾದರೆ, ಈ ಶೀಟಿನಲ್ಲಿ ಒಂದು ಲಗ್ನದ ಹಂಗಾಮು ದಾಟುವವರೆಗೆ ಏನನ್ನೂ ಕೊಳ್ಳಬೇಡಿ. ತಮಗೆ ಏನು ಬೇಕೆಂಬುದು ಅಲ್ಲಿಯವರೆಗೆ ತಮಗೂ ಗೊತ್ತಾಗುವುದಿಲ್ಲ, ಅವರಿಗಂತೂ ಗೊತ್ತಿಲ್ಲ. ಆಮೇಲೂ ಬೇಕೆನಿಸಿದರೆ ಅವರನ್ನು ಎರಡು ಪ್ರಶ್ನೆ ಕೇಳಿ: ವಾರ್ಷಿಕ ಶುಲ್ಕ ಕಟ್ಟುವುದನ್ನು ನಿಲ್ಲಿಸಿದರೆ ನನ್ನ ಲೆಕ್ಕವನ್ನೆಲ್ಲ ಎಕ್ಸೆಲ್ ಕಡತವಾಗಿ ತೆಗೆದುಕೊಳ್ಳಬಹುದೆ, ಗೋದಾಮಿನಲ್ಲಿ ನೆಟ್‌ವರ್ಕ್ ಇಲ್ಲದಾಗಲೂ ಎಣಿಕೆ ನಮೂದಿಸಬಹುದೆ? ಎರಡಕ್ಕೂ ಹೌದೆಂದು ಬರೆದು ಕೊಡದವರನ್ನು ಚಹಾ ಕೊಟ್ಟು ಕಳುಹಿಸಿಬಿಡಿ.

— ಸಂಪಾದಕ