ಉಮೆಮೆ ಹೋಯ್ತು, ಬಿಲ್ಲಿನೊಳಗಿನ ಡಾಲರ್ ಹೋಯ್ತಾ?

ಪ್ರಶ್ನೆ: ನಾನು ಪುತ್ತೂರಿನವನು, ಉಗಾಂಡಾದ ರಾಜಧಾನಿ ಕಂಪಾಲಾದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಕರೆಂಟ್ ಕೊಡುತ್ತಿದ್ದ ಉಮೆಮೆ ಕಂಪನಿ 2025ರಲ್ಲಿ ಹೋಗಿ ಸರ್ಕಾರಿ ಕಂಪನಿ ಬಂತು. ‘ವಿದೇಶದವರು 20 ವರ್ಷ ದೋಚಿದರು’ ಅಂತಾರೆ ಇಲ್ಲಿ. ನಿಜವಾ? ಇನ್ನಾದರೂ ದರ ಇಳಿಯುತ್ತಾ?

ಉತ್ತರ: ದೋಚಿದರು ಅನ್ನೋದು ಸಿಟ್ಟಿನ ಮಾತು. ಆದರೆ ಸಿಟ್ಟು ಸುಮ್ನೆ ಬಂದದ್ದಲ್ಲ.

1999ರಲ್ಲಿ ನಮ್ಮ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂತಲ್ಲ, ಅದೇ ವರ್ಷ ಉಗಾಂಡಾ ಕೂಡ ಹೊಸ ವಿದ್ಯುತ್ ಕಾಯ್ದೆ ತಂದು, 2001ರಲ್ಲಿ ತನ್ನ ಬೋರ್ಡನ್ನು ಮೂರು ಹೋಳು ಮಾಡಿತು. ಮನೆಮನೆಗೆ ಕರೆಂಟ್ ಕೊಡುವ ಕೆಲಸವನ್ನು ನಾವು ಸರ್ಕಾರದ ಕೈಯಲ್ಲೇ ಇಟ್ಟುಕೊಂಡೆವು. ಅವರು 2005ರಲ್ಲಿ 20 ವರ್ಷಕ್ಕೆ ಗುತ್ತಿಗೆ ಕೊಟ್ಟರು. ತಗೊಂಡವರು ಬ್ರಿಟನ್ ಸರ್ಕಾರದ ಹೂಡಿಕೆ ಸಂಸ್ಥೆ ಸಿಡಿಸಿಗೆ ಸೇರಿದ ಗ್ಲೋಬೆಲೆಕ್ ಮತ್ತು ದಕ್ಷಿಣ ಆಫ್ರಿಕಾದ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಂ (ಹೆಸರು ಕೇಳಿ ನಮ್ಮ ಎಸ್ಕಾಂ ಅಂದುಕೊಳ್ಳಬೇಡಿ). ಇಬ್ಬರೂ ಸೇರಿ ಕಟ್ಟಿದ ಕಂಪನಿಯೇ ಉಮೆಮೆ.

ಆಗ 100 ಯೂನಿಟ್ ಕೊಂಡರೆ 38 ಯೂನಿಟ್ ಬಿಲ್ಲಾಗದೆ ಸೋರಿಹೋಗುತ್ತಿತ್ತು. ಲೈನಿಗೆ ಕೊಕ್ಕೆ, ಮೀಟರ್ ತಪ್ಪಿಸಿ ಎಳೆದ ವೈರು, ಹಳೇ ತಂತಿ. ಉಮೆಮೆ ದುಡ್ಡು ಸುರಿದು, ನಿಮ್ಮ ಗೋಡೆ ಮೇಲಿರುವ ‘ಯಾಕಾ’ ಪ್ರೀಪೇಯ್ಡ್ ಮೀಟರುಗಳನ್ನು ಹಾಕಿಸಿ (ಕನ್ನಡದವರಿಗೆ ಅದು ‘ಯಾಕೆ?’ ಅಂತ ಕೇಳಿದ ಹಾಗೆಯೇ ಕೇಳಿಸುತ್ತೆ, ಅಲ್ವಾ) ಸೋರಿಕೆಯನ್ನು 17ರ ಆಸುಪಾಸಿಗೆ ಇಳಿಸಿತು. ಸುಮಾರು 3 ಲಕ್ಷ ಇದ್ದ ಗ್ರಾಹಕರು 20 ಲಕ್ಷ ದಾಟಿದರು. ಇದು ಸಣ್ಣ ಕೆಲಸವಲ್ಲ.

ತಕರಾರು ಇರುವುದು ಹಾಕಿದ ದುಡ್ಡಿಗೆ ಒಪ್ಪಿಕೊಂಡ ಪ್ರತಿಫಲದಲ್ಲಿ. ವರ್ಷಕ್ಕೆ ಶೇ 20, ಅದೂ ಡಾಲರ್ ಲೆಕ್ಕದಲ್ಲಿ. ಗುತ್ತಿಗೆ ಶುರುವಾದಾಗ ಒಂದು ಡಾಲರಿಗೆ ಸುಮಾರು 1,750 ಶಿಲ್ಲಿಂಗ್ ಇತ್ತು, ಮುಗಿಯುವ ಹೊತ್ತಿಗೆ 3,600 ದಾಟಿತ್ತು. ನೀವು ಮೀಟರಿಗೆ ಹಾಕೋದು ಶಿಲ್ಲಿಂಗ್, ಅವರಿಗೆ ಲೆಕ್ಕ ಕೊಡಬೇಕಾದ್ದು ಡಾಲರಿನಲ್ಲಿ. ನಡುವಿನ ವ್ಯತ್ಯಾಸ ಹೊತ್ತವರು ಯಾರು? ಡಾಲರ್, ತೈಲ, ಬೆಲೆಯೇರಿಕೆ ನೋಡಿಕೊಂಡು ನಿಯಂತ್ರಣ ಪ್ರಾಧಿಕಾರ ಮೂರು ತಿಂಗಳಿಗೊಮ್ಮೆ ದರ ತಿದ್ದುತ್ತಲ್ಲ, ಆ ದಾರಿಯಲ್ಲಿ ಅದು ನಿಮ್ಮ ಅಂಗಡಿ ಬಿಲ್ಲಿಗೇ ಬಂತು. ಮಾಲೀಕರು ಯಾವ ದೇಶದವರು ಅನ್ನೋದಕ್ಕಿಂತ ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತೆ.

ದರ ಇಳಿಯುತ್ತಾ? ಆ ಶೇ 20ರ ಹೊರೆ ಇಳಿದದ್ದರಿಂದ ಸ್ವಲ್ಪ ಹಗುರಾಗಬಹುದು, ಪೂರ್ತಿ ಅಲ್ಲ. ನೈಲ್ ನದಿಯ ಬುಜಗಾಲಿ ಅಣೆಕಟ್ಟು (250 ಮೆಗಾವಾಟ್, 2012) ಕೂಡ ವಿದೇಶಿ ಸಾಲ, ಹೂಡಿಕೆಯಲ್ಲೇ ಆದದ್ದು. ಅಲ್ಲಿನ ಕರೆಂಟ್ ಬಳಸಿದರೂ ಬಿಟ್ಟರೂ ಡಾಲರ್ ಲೆಕ್ಕದಲ್ಲಿ ದುಡ್ಡು ಕಟ್ಟಲೇಬೇಕು. ಉಮೆಮೆ ಹೋಯ್ತು ಅಂತ ಆ ಒಪ್ಪಂದ ಹೋಗಲಿಲ್ಲ. ಮೇಲಾಗಿ ಉಮೆಮೆಯನ್ನು ಬೀಳ್ಕೊಡಲು ಸರ್ಕಾರ ಸುಮಾರು 11.8 ಕೋಟಿ ಡಾಲರ್ ಕೊಟ್ಟಿತು, ಅದಕ್ಕೂ ಸಾಲ ಮಾಡಿ. ಆ ದುಡ್ಡು ಸಾಲದು ಅಂತ ಕಂಪನಿ ಲಂಡನ್‌ನಲ್ಲಿ ಪಂಚಾಯ್ತಿಗೆ (ಆರ್ಬಿಟ್ರೇಷನ್) ಹೋಯಿತು.

ಇನ್ನೊಂದು ಮಾತು. ಕೊನೇ ವರ್ಷಗಳಲ್ಲಿ ಉಮೆಮೆಯ ಅತಿ ದೊಡ್ಡ ಷೇರುದಾರ ಲಂಡನ್ನಿನವರಲ್ಲ, ಉಗಾಂಡಾದ ಎನ್‌ಎಸ್‌ಎಸ್‌ಎಫ್, ಅಂದರೆ ಅಲ್ಲಿನ ಪಿಎಫ್. ನಿಮ್ಮ ಸಂಬಳದಿಂದ ಅದಕ್ಕೆ ಕಟ್ ಆಗುತ್ತಿದ್ದರೆ, ಅಂಗಡಿ ಕಟ್ಟಿದ ಬಿಲ್ಲಿನಲ್ಲಿ ಒಂದು ಚೂರು ನಿಮ್ಮ ಖಾತೆಗೂ ವಾಪಸ್ ಬಂದಿದೆ.